ಹೊಸ ಜಾಲತಾಣವು ಶೋಧಯಂತ್ರದಲ್ಲಿ ಹಿಂದುಳಿಯುವುದೇಕೆ?

ಬೆಂಗಳೂರು ನಗರದ ಪಶ್ಚಿಮ ಭಾಗದಲ್ಲಿರುವ ಗೋವಿಂದರಾಜನಗರದ ಸುತ್ತಮುತ್ತ ಮಾರೇನಹಳ್ಳಿ, ಮೂಡಲಪಾಳ್ಯ, ಅಗ್ರಹಾರ ದಾಸರಹಳ್ಳಿ, ನಾಗರಭಾವಿ, ನಾಯಂಡಹಳ್ಳಿ ಎಂಬ ಹೆಸರುಗಳು ಇಂದಿಗೂ ಬಳಕೆಯಲ್ಲಿವೆ. ಇವು ಹಿಂದೆ ಹೊಲಗದ್ದೆಗಳುಳ್ಳ ಗ್ರಾಮಗಳಾಗಿದ್ದುವೆಂಬುದನ್ನು ಹೆಸರುಗಳೇ ಸಾರುತ್ತವೆ. ಈಗ ಅಲ್ಲಿ ಉಳುವ ಭೂಮಿ ಇಲ್ಲ. ಕೊಂಡು ಉಣ್ಣುವ ಸಂಸಾರಗಳು ಬೀದಿ ಬೀದಿಯಲ್ಲಿಯೂ ಇವೆ. ಆ ಬಡಾವಣೆಗಳ ಪಕ್ಕದಲ್ಲಿ ಹಾದುಹೋಗುವ ಮಾಗಡಿ ರಸ್ತೆಯಲ್ಲಿ ಸುಮಾರು ೫೦ ಕಿಲೋಮೀಟರು ಪಶ್ಚಿಮಕ್ಕೆ ಹೋದರೆ ರಾಗಿ, ಅವರೆ, ಮಾವುಗಳನ್ನು ಬೆಳೆಯುವ ಮಾಗಡಿ ಸೀಮೆ ಸಿಕ್ಕುತ್ತದೆ. ಬೆಳೆಯುವವನಿಗೂ ಉಣ್ಣುವವನಿಗೂ ನಡುವೆ ಇರುವುದು ಒಂದೇ ರಸ್ತೆ. ಆದರೂ ಬೆಳೆದವನ ಕೈಗೆ ಬರುವ ಧಾರಣೆಗೂ ಉಣ್ಣುವವನು ಕೊಡುವ ಬೆಲೆಗೂ ಇರುವ ಅಂತರವನ್ನು ಗ್ರಾಮಸ್ಥರು ಬಲ್ಲರು.

ಈ ಅಂತರವನ್ನು ತಗ್ಗಿಸಬೇಕೆಂಬ ಉದ್ದೇಶದಿಂದ ಅನೇಕ ರೈತರು ಒಟ್ಟುಗೂಡಿ ಉತ್ಪಾದಕ ಸಂಸ್ಥೆಗಳನ್ನು ಕಟ್ಟಿಕೊಳ್ಳುತ್ತಿರುವರು. ಇಂಥ ೧೦,೦೦೦ ಸಂಸ್ಥೆಗಳನ್ನು ರಚಿಸುವ ಯೋಜನೆಯನ್ನು ಕೇಂದ್ರ ಸರ್ಕಾರದವರು ೨೦೨೦ರಲ್ಲಿ ಆರಂಭಿಸಿದರು. ಸಂಸ್ಥೆ ಹುಟ್ಟಿದ ಒಡನೆಯೇ ಸದಸ್ಯರಿಗೆ ತೋರುವ ಉಪಾಯವೆಂದರೆ, ತಮ್ಮದೇ ಒಂದು ಜಾಲತಾಣವನ್ನು ತೆರೆದು ನಗರದ ಮನೆಗಳಿಗೆ ನೇರವಾಗಿ ಮಾಲನ್ನು ಮಾರುವುದು. ಉಪಾಯವು ಒಳ್ಳೆಯದೇ. ಆದರೆ ತಾಣವನ್ನು ತೆರೆದ ಮೇಲೆ ಕೊಳ್ಳುವವರು ಬರುವುದಿಲ್ಲ. ಗೋವಿಂದರಾಜನಗರದ ಗೃಹಿಣಿಯೊಬ್ಬಳು ತನ್ನ ಕೈಯಲ್ಲಿನ ಮೊಬೈಲಿನಲ್ಲಿ ಅವರೆಕಾಯಿ ಎಂದು ಹುಡುಕಿದಳೆಂದು ಭಾವಿಸೋಣ. ಆಕೆಗೆ ವೃತ್ತಪತ್ರಿಕೆಗಳ ಪುಟಗಳೂ ದೊಡ್ಡ ಅಂಗಡಿಗಳ ಪುಟಗಳೂ ಅಡಿಗೆ ಕಲಿಸುವವರ ಪುಟಗಳೂ ಕಾಣುವುವಲ್ಲದೆ, ಮಾಗಡಿಯ ರೈತರ ಹೊಸ ತಾಣವು ಎಲ್ಲಿಯೂ ಕಾಣದು. ಅಷ್ಟರಲ್ಲಿ ಪುಷ್ಯಮಾಸವು ಕಳೆದು ಸೊಗಡಿನ ಕಾಯಿ ಮುಗಿದುಹೋಗುತ್ತದೆ. ತಾಣಕ್ಕೆ ಹಾಕಿದ ಹಣ ವ್ಯರ್ಥವಾಯಿತೆಂದು ಸದಸ್ಯರು ಬೇಸರಗೊಳ್ಳುವರು, ಒಗ್ಗಟ್ಟು ಸಡಿಲವಾಗುವುದು. ಆದುದರಿಂದ ಈ ಹಿಂಬೀಳಿಕೆಗೆ ಕಾರಣವೇನೆಂಬುದನ್ನು ಗ್ರಾಮದ ಮುಖಂಡರೂ ಜಮೀನುದಾರರೂ ಮೊದಲೇ ತಿಳಿದಿರುವುದು ಅವಶ್ಯಕ.

ಶೋಧಯಂತ್ರದ ಕೆಲಸ

ಗೂಗಲ್ ಮೊದಲಾದ ಶೋಧಯಂತ್ರಗಳು, ಜನರು ಪ್ರಶ್ನೆ ಕೇಳಿದ ಕ್ಷಣದಲ್ಲಿ ಲೋಕದ ತಾಣಗಳನ್ನೆಲ್ಲ ಹುಡುಕಲು ಹೊರಡುವುದಿಲ್ಲ. ಅವುಗಳ ಕೆಲಸದಲ್ಲಿ ಮೂರು ಹಂತಗಳುಂಟು. ಮೊದಲನೆಯದು ಅಲೆದಾಟ: ಯಂತ್ರದ ದೂತನು ತನಗೆ ಗೊತ್ತಿರುವ ಪುಟಗಳನ್ನು ಓದಿ, ಅಲ್ಲಿರುವ ಕೊಂಡಿಗಳನ್ನು ಹಿಡಿದು ಹೊಸ ಪುಟಗಳಿಗೆ ಹೋಗುತ್ತಾನೆ. ಎರಡನೆಯದು ದಾಖಲೆ: ಓದಿದ ಪುಟದಲ್ಲಿನ ಒಂದೊಂದು ಮಾತನ್ನೂ ಸೂಚಿಯಲ್ಲಿ ಬರೆದು, ಈ ಮಾತು ಇಂತಿಂಥ ಪುಟಗಳಲ್ಲಿದೆಯೆಂದು ಗುರುತು ಮಾಡಿಕೊಳ್ಳುತ್ತದೆ. ಮೂರನೆಯದು ವಿಂಗಡಣೆ: ಪ್ರಶ್ನೆ ಬಂದಾಗ ಆ ಸೂಚಿಯನ್ನು ನೋಡಿ, ಯಾವ ಪುಟ ಮೊದಲು, ಯಾವುದು ಹಿಂದೆ ಎಂಬುದನ್ನು ತೀರ್ಮಾನಿಸುತ್ತದೆ.

ಹೊಸ ತಾಣಕ್ಕೆ ತೊಡಕು ಮೊದಲನೆಯ ಹಂತದಲ್ಲಿಯೇ ಆರಂಭವಾಗುತ್ತದೆ. ಯಾರೂ ಅದಕ್ಕೆ ಕೊಂಡಿ ಕೊಟ್ಟಿಲ್ಲವಾದುದರಿಂದ ದೂತನಿಗೆ ಅಲ್ಲಿಗೆ ಬರುವ ದಾರಿಯೇ ಇಲ್ಲ. ಬಂಡಿದಾರಿಯಿಲ್ಲದ ತೋಟದಲ್ಲಿ ಎಷ್ಟು ಒಳ್ಳೆಯ ಫಸಲು ಇದ್ದರೂ ವ್ಯಾಪಾರಿಯು ಹೇಗೆ ಬಂದಾನು? ೨೦೦೮ರಲ್ಲಿಯೇ ಗೂಗಲಿನವರು ತಮ್ಮ ಯಂತ್ರವು ಒಂದು ಲಕ್ಷ ಕೋಟಿ ಬೇರೆ ಬೇರೆ ಪುಟದ ವಿಳಾಸಗಳನ್ನು ಕಂಡಿರುವುದಾಗಿ ಪ್ರಕಟಿಸಿದ್ದರು. ಅಷ್ಟು ದೊಡ್ಡ ಜಾತ್ರೆಯಲ್ಲಿ ಹೊಸದಾಗಿ ಬಂದು ಮೂಲೆಯಲ್ಲಿ ಕುಳಿತವನು ಕಣ್ಣಿಗೆ ಬೀಳಲು ಕೆಲವು ದಿನಗಳೋ ಕೆಲವು ವಾರಗಳೋ ಹಿಡಿಯುವುದು ಸಹಜ. ಕೆಲವು ವೇಳೆ ತಾಣವನ್ನು ಕಟ್ಟುವ ಕಾಲದಲ್ಲಿ ದೂತನನ್ನು ಒಳಕ್ಕೆ ಬಿಡಬಾರದೆಂದು ಕೆಲಸಗಾರರು ಹಾಕಿದ ತಡೆಯನ್ನು, ಕೆಲಸ ಮುಗಿದ ಮೇಲೆ ತೆಗೆಯಲು ಮರೆಯುವುದೂ ಉಂಟು. ಬೇಲಿಯ ಗೇಟನ್ನು ತಾವೇ ಮುಚ್ಚಿ, ಯಾರೂ ಬರಲಿಲ್ಲವೆಂದು ಕೊರಗಿದಂತೆ ಇದು. ತಾಣವನ್ನು ಕೈಗೆ ತೆಗೆದುಕೊಳ್ಳುವಾಗ ಮೊಟ್ಟಮೊದಲು ವಿಚಾರಿಸತಕ್ಕ ಅಂಶವೂ ಇದೇ.

ದಾಖಲೆಯಾಗುವುದು ಬೇರೆ, ಮುಂದೆ ಬರುವುದು ಬೇರೆ

ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಹೊಲದಲ್ಲಿ ಬೆಳೆ ಬಂದಂತಾಗಲಿಲ್ಲ. ಹಾಗೆಯೇ ಸೂಚಿಯಲ್ಲಿ ದಾಖಲೆಯಾದ ಪುಟವೆಲ್ಲ ಮೊದಲಿಗೆ ಬರಲಾರದು. ಅವರೆಯ ವಿಷಯವಾಗಿ ಸಾವಿರಾರು ಪುಟಗಳಿರುವಾಗ ಯಂತ್ರವು ಯಾವುದನ್ನು ನಂಬಬೇಕು?

ಇದಕ್ಕೆ ಪ್ರಸಿದ್ಧವಾದ ಉತ್ತರವನ್ನು ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡುತ್ತಿದ್ದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಎಂಬುವರು ಕಂಡುಹಿಡಿದು, ೧೯೯೮ರಲ್ಲಿ ಪ್ರಕಟಿಸಿದರು. ಅದೇ ವರ್ಷ ಗೂಗಲ್ ಕಂಪೆನಿಯು ಸ್ಥಾಪಿತವಾಯಿತು. ಪೇಜ್‌ರ್‍ಯಾಂಕ್ ಎಂಬ ಆ ವಿಧಾನದ ತಿರುಳು ಗ್ರಾಮದ ಜಾಮೀನಿನ ಪದ್ಧತಿಯನ್ನು ಹೋಲುತ್ತದೆ. ಒಂದು ಪುಟವು ಇನ್ನೊಂದಕ್ಕೆ ಕೊಂಡಿ ಕೊಟ್ಟರೆ, ಅದು ಅದರ ಪರವಾಗಿ ಜಾಮೀನು ನಿಂತಂತೆ. ಆದರೆ ಎಲ್ಲ ಜಾಮೀನುಗಳೂ ಸಮವಲ್ಲ. ಊರಿನಲ್ಲಿ ನಂಬಿಕೆ ಗಳಿಸಿದವನ ಒಂದು ಮಾತು, ಗುರುತಿಲ್ಲದ ಹತ್ತು ಮಂದಿಯ ಮಾತಿಗಿಂತ ಹೆಚ್ಚು ತೂಗುತ್ತದೆ. ಅವನು ಒಬ್ಬನಿಗೇ ಜಾಮೀನು ನಿಂತರೆ ಅವನ ಬಲವೆಲ್ಲ ಆ ಒಬ್ಬನಿಗೆ. ಹತ್ತು ಮಂದಿಗೆ ನಿಂತರೆ ಬಲವು ಹತ್ತು ಪಾಲಾಗಿ ಹಂಚಿಹೋಗುತ್ತದೆ. ಈ ಲೆಕ್ಕವನ್ನು ಯಂತ್ರವು ಸಮಸ್ತ ಪುಟಗಳಿಗೂ ಮತ್ತೆ ಮತ್ತೆ ಮಾಡಿ ಒಂದೊಂದರ ತೂಕವನ್ನು ಗೊತ್ತುಮಾಡುತ್ತದೆ. ಈಗ ಇದರ ಜೊತೆಗೆ ಬೇರೆ ನೂರಾರು ಗುರುತುಗಳು ಸೇರಿವೆಯಾದರೂ ಮೂಲತತ್ತ್ವವು ಬಿದ್ದುಹೋಗಿಲ್ಲ.

ಹೊಸ ತಾಣಕ್ಕೆ ಜಾಮೀನು ನಿಲ್ಲುವವರೇ ಇಲ್ಲ. ಹಳೆಯ ತಾಣಕ್ಕಾದರೋ ವರ್ಷ ವರ್ಷವೂ ಹೊಸ ಕೊಂಡಿಗಳು ಕೂಡುತ್ತ ಬಂದಿವೆ. ಮೊದಲು ಕಾಣುವ ಪುಟವನ್ನೇ ಹೆಚ್ಚು ಜನರು ಓದುವರು. ಓದಿದವರಲ್ಲಿ ಕೆಲವರು ಅದಕ್ಕೇ ಕೊಂಡಿ ಕೊಡುವರು. ಅದರಿಂದ ಅದು ಇನ್ನೂ ಮೇಲೇರುವುದು. ಮೇಲಿನ ಗದ್ದೆಗೆ ನೀರು ತುಂಬಿದ ಮೇಲಲ್ಲವೇ ಕೆಳಗಿನ ಗದ್ದೆಗೆ ತೂಬು ಬಿಡುವುದು?

ಕಾಲದ ಬಲ

ಶೋಧಯಂತ್ರವು ಗಮನಿಸುವ ಇನ್ನೊಂದು ವಿಷಯ ಜನರ ನಡವಳಿಕೆ. ಅಮೆರಿಕದ ಸರ್ಕಾರವು ಗೂಗಲಿನ ಮೇಲೆ ಹೂಡಿದ ಏಕಸ್ವಾಮ್ಯದ ಮೊಕದ್ದಮೆಯ ವಿಚಾರಣೆಯು ೨೦೨೩ರಲ್ಲಿ ನಡೆದಾಗ, ಕಂಪೆನಿಯ ಹಿರಿಯ ಅಧಿಕಾರಿಯೊಬ್ಬರು ಸಾಕ್ಷ್ಯ ನುಡಿಯುತ್ತ, ಜನರು ಯಾವ ಫಲಿತಾಂಶವನ್ನು ಒತ್ತಿದರೆಂಬ ೧೩ ತಿಂಗಳ ಲೆಕ್ಕವನ್ನು ವಿಂಗಡಣೆಗೆ ಬಳಸುವುದುಂಟೆಂದು ತಿಳಿಸಿದರು. ನಿನ್ನೆ ಹುಟ್ಟಿದ ತಾಣಕ್ಕೆ ಇಂಥ ಲೆಕ್ಕವು ಎಲ್ಲಿಂದ ಬರಬೇಕು?

ಹೊಸ ತಾಣಗಳನ್ನು ಯಂತ್ರವು ಕೆಲವು ಕಾಲ ಬೇಕೆಂದೇ ತಡೆದಿಡುತ್ತದೆಯೆಂದು ಈ ಕಸುಬಿನವರು ಬಹುಕಾಲದಿಂದ ಹೇಳುತ್ತ ಬಂದಿರುವರು. ಕಂಪೆನಿಯವರು ಅಂಥದೇನೂ ಇಲ್ಲವೆಂದು ಹೇಳುತ್ತ ಬಂದಿರುವರು. ೨೦೨೪ರ ಮೇ ತಿಂಗಳಲ್ಲಿ ಹೊರಬಿದ್ದ ಕಂಪೆನಿಯ ಒಳಗಿನ ದಾಖಲೆಗಳಲ್ಲಿ, ಹೊಸದಾಗಿ ಹುಟ್ಟಿದ ಕಪಟ ತಾಣಗಳನ್ನು ಬೇರ್ಪಡಿಸಲು ತಾಣದ ವಯಸ್ಸನ್ನು ಗುರುತಿಟ್ಟುಕೊಳ್ಳುವ ಒಂದು ಅಂಶವು ಕಂಡುಬಂದಿತು. ವಾದವು ಹೇಗಾದರೂ ಇರಲಿ, ರೈತನು ಇದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ. ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ ಬೆಳೆಸಿದ ಇಂಡಾಫ್ ತಳಿಗಳು ಎಷ್ಟೇ ಉತ್ತಮವಾಗಿದ್ದರೂ, ನೆರೆಯವನ ಹೊಲದಲ್ಲಿ ತೆನೆಯನ್ನು ಕಣ್ಣಾರೆ ನೋಡಿದ ಮೇಲಲ್ಲದೆ ಬುದ್ಧಿವಂತನಾದ ರೈತನು ತನ್ನ ಹೊಲಕ್ಕೆಲ್ಲ ಒಂದೇ ಸಲ ಅದನ್ನು ಬಿತ್ತುವುದುಂಟೇ? ೧೯೫೯ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಆರಂಭವಾದ ಸಂಸ್ಥೆಯೇ ಇಂದು ಹಾಪ್‌ಕಾಮ್ಸ್ ಎಂಬ ಹೆಸರಿನಿಂದ ನಗರದವರಿಗೆಲ್ಲ ಪರಿಚಿತವಾಗಿದೆ. ಆ ಪರಿಚಯವು ಒಂದು ಹಂಗಾಮಿನಲ್ಲಿ ಬಂದುದಲ್ಲ. ಗೂಗಲಿನವರೇ ತಮ್ಮ ಸೂಚನೆಗಳಲ್ಲಿ, ತಾಣವನ್ನು ಸುಧಾರಿಸಿದ ಫಲವು ಕಾಣಬೇಕಾದರೆ ಸಾಮಾನ್ಯವಾಗಿ ೪ ತಿಂಗಳಿಂದ ೧ ವರ್ಷದ ವರೆಗೆ ಹಿಡಿಯುವುದೆಂದು ತಿಳಿಸಿರುತ್ತಾರೆ.

ಕನ್ನಡ ತಾಣಗಳಿಗೆ ವಿಶೇಷವಾದ ತೊಡಕುಗಳು

ಮೇಲಿನ ಕಾರಣಗಳು ಎಲ್ಲ ಭಾಷೆಗಳ ತಾಣಗಳಿಗೂ ಅನ್ವಯಿಸುತ್ತವೆ. ಕನ್ನಡಕ್ಕೆ ಬೇರೆ ಕೆಲವು ತೊಡಕುಗಳುಂಟು. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಿಂದಿನ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ಬರಹವು ಮನುಷ್ಯನ ಕಣ್ಣಿಗೆ ಕನ್ನಡವಾಗಿ ಕಂಡರೂ, ಯಂತ್ರದ ಪಾಲಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಗೊಂಚಲಾಗಿರುತ್ತದೆ. ಯೂನಿಕೋಡ್ ಎಂಬ ಸರ್ವಸಮ್ಮತ ಸಂಕೇತ ಪದ್ಧತಿಯಲ್ಲಿ ಕನ್ನಡಕ್ಕೆ ೧೯೯೧ರಿಂದಲೇ ಸ್ಥಾನವಿದೆ. ಇಂದಿನ ನುಡಿ, ಬರಹಗಳೂ ಅದಕ್ಕೆ ಒಗ್ಗಿಕೊಂಡಿವೆ. ಆದರೂ ಹಳೆಯ ಕಡತಗಳನ್ನು ಹಾಗೆಯೇ ತಾಣಕ್ಕೆ ಏರಿಸುವವರು ಇನ್ನೂ ಇರುವರು. ಅಂಥ ಪುಟದಲ್ಲಿ ಅವರೆ ಎಂಬ ಮಾತು ನೂರು ಸಲ ಬಂದಿದ್ದರೂ ಅವರೆಯನ್ನು ಹುಡುಕುವವನಿಗೆ ಅದು ಸಿಕ್ಕದು. ಕರಪತ್ರದ ಚಿತ್ರವನ್ನು ತೆಗೆದು ಏರಿಸಿ, ಅದನ್ನೇ ಪುಟವೆನ್ನುವುದೂ ಬಹುಮಟ್ಟಿಗೆ ಇದೇ ತಪ್ಪು.

ಎರಡನೆಯದು ಮಾತಿನ ರೂಪಭೇದ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳು ಶಬ್ದಕ್ಕೆ ಅಂಟಿಕೊಂಡಿರುತ್ತವೆ. ಬೆಲ್ಲ, ಬೆಲ್ಲವನ್ನು, ಬೆಲ್ಲದಿಂದ, ಬೆಲ್ಲಕ್ಕೆ ಎಂಬುವೆಲ್ಲ ಒಂದೇ ವಸ್ತುವೆಂದು ಮಗುವಿಗೂ ಗೊತ್ತು. ಯಂತ್ರವಾದರೋ ಅದನ್ನು ಕಲಿಯಬೇಕು. ಕಲಿಯಲು ಬೇಕಾದ ಬರಹವು ಇಂಗ್ಲಿಷಿನಲ್ಲಿರುವಷ್ಟು ಕನ್ನಡದಲ್ಲಿ ಇಲ್ಲ. ಇದರ ಮೇಲೆ, ಒಬ್ಬರು ಹಿತಕಿದ ಬೇಳೆ ಎಂದರೆ ಇನ್ನೊಬ್ಬರು ಹಿತಕಬೇಳೆ ಎನ್ನುವರು, ಮತ್ತೊಬ್ಬರು ಇದಕಬೇಳೆ ಎನ್ನುವರು. ನಗರದವರು ಅನೇಕರು ಕನ್ನಡದ ಮಾತನ್ನೇ ರೋಮನ್ ಲಿಪಿಯಲ್ಲಿ ಬರೆದು ಹುಡುಕುವರು. ಮಾರುವವನು ತನ್ನ ಊರಿನ ಒಂದೇ ರೂಪವನ್ನು ಬರೆದು ಸುಮ್ಮನಾದರೆ, ಕೊಳ್ಳುವವನ ಮಾತೂ ಅವನ ಮಾತೂ ಸಂಧಿಸುವುದೇ ಇಲ್ಲ.

ಬೀಳುಬಿಟ್ಟ ನೆಲದಲ್ಲಿ ಕಳೆ: ೨೦೨೧ರ ನಿದರ್ಶನ

ಹೊಸ ಅಥವಾ ಅಪರಿಚಿತ ತಾಣವು ಎಂದಿಗೂ ಮೇಲೇರದೆಂದು ತಿಳಿಯಬಾರದು. ೨೦೨೧ರ ಜೂನ್ ತಿಂಗಳಲ್ಲಿ ನಡೆದ ಸಂಗತಿಯನ್ನು ಕನ್ನಡಿಗರು ಮರೆತಿರಲಾರರು. ಭಾರತದ ಅತ್ಯಂತ ಕುರೂಪವಾದ ಭಾಷೆ ಯಾವುದೆಂದು ಇಂಗ್ಲಿಷಿನಲ್ಲಿ ಗೂಗಲನ್ನು ಕೇಳಿದರೆ, ಯಾರೂ ಬಲ್ಲದ ಒಂದು ತಾಣದ ಮಾತನ್ನು ಎತ್ತಿ, ಕನ್ನಡವೆಂದು ಉತ್ತರ ಕೊಡುತ್ತಿತ್ತು. ನಾಡಿನಲ್ಲೆಲ್ಲ ಕೋಪವೆದ್ದಿತು. ಆಗ ಕನ್ನಡ ಮತ್ತು ಸಂಸ್ಕೃತಿ ಸಚಿವರಾಗಿದ್ದ ಅರವಿಂದ ಲಿಂಬಾವಳಿಯವರು ಕಾನೂನು ಕ್ರಮದ ಎಚ್ಚರಿಕೆ ಕೊಟ್ಟರು. ಕಂಪೆನಿಯವರು ಆ ಉತ್ತರವನ್ನು ತೆಗೆದುಹಾಕಿ ಕ್ಷಮೆ ಕೋರಿದರು. ಅದು ತಮ್ಮ ಅಭಿಪ್ರಾಯವಲ್ಲವೆಂದೂ, ಜಾಲದಲ್ಲಿ ವಿಷಯಗಳನ್ನು ಬಣ್ಣಿಸಿರುವ ರೀತಿಯಿಂದ ಕೆಲವು ಪ್ರಶ್ನೆಗಳಿಗೆ ಅನಿರೀಕ್ಷಿತ ಉತ್ತರಗಳು ಬರುವುದುಂಟೆಂದೂ ತಿಳಿಸಿದರು.

ವೃತ್ತಪತ್ರಿಕೆಗಳನ್ನೂ ವಿಶ್ವವಿದ್ಯಾನಿಲಯಗಳನ್ನೂ ಹಿಂದೆ ಹಾಕಿ, ಆ ನಿಕೃಷ್ಟ ಪುಟವು ಹೇಗೆ ಮುಂದೆ ಬಂದಿತು? ಅಂಥ ಹೀನ ಪ್ರಶ್ನೆಗೆ ಮರ್ಯಾದಸ್ಥರು ಯಾರೂ ಉತ್ತರ ಬರೆದಿರಲಿಲ್ಲ. ಉತ್ತು ಬಿತ್ತದೆ ಬೀಳುಬಿಟ್ಟ ನೆಲದಲ್ಲಿ ಕಳೆಯು ತಾನೇ ತಾನಾಗಿ ಆಳೆತ್ತರ ಬೆಳೆಯುವಂತೆ, ಎದುರಾಳಿಯಿಲ್ಲದ ಪ್ರಶ್ನೆಯಲ್ಲಿ ಅಲ್ಪವಾದ ಪುಟವೂ ಮೊದಲನೆಯದಾಗುತ್ತದೆ. ಸುದ್ದಿಯು ಹಬ್ಬಿ ಪತ್ರಿಕೆಗಳು ಬರೆದ ಮೇಲೆ ಅದೇ ಪ್ರಶ್ನೆಗೆ ಆ ವರದಿಗಳೇ ಮುಂದೆ ಬಂದುವು.

ಈ ಅವಮಾನದಿಂದ ರೈತನು ಕಲಿಯತಕ್ಕ ಪಾಠವೊಂದುಂಟು. ಅವರೆಕಾಯಿ ಎಂಬ ಒಂದೇ ಮಾತಿಗಾಗಿ ದೊಡ್ಡವರೊಡನೆ ಸೆಣಸುವುದು ಹೊಸಬನಿಗೆ ಆಗದ ಕೆಲಸ. ಆದರೆ ಮಾಗಡಿಯ ಅಕ್ಕಡಿ ಸಾಲಿನ ಅವರೆಯನ್ನು ಯಾವ ತಿಂಗಳಲ್ಲಿ ಕೀಳುವರು, ಸೊಗಡನ್ನು ಗುರುತಿಸುವುದು ಹೇಗೆ, ಗೋವಿಂದರಾಜನಗರಕ್ಕೆ ಯಾವ ವಾರ ಗಾಡಿ ಬರುವುದು ಎಂಬ ಪ್ರಶ್ನೆಗಳಿಗೆ ಬಲ್ಲವರ ಉತ್ತರವು ಇನ್ನೂ ಅಪರೂಪ. ಗೂಗಲಿಗೆ ದಿನವೂ ಬರುವ ಪ್ರಶ್ನೆಗಳಲ್ಲಿ ನೂರಕ್ಕೆ ೧೫ರಷ್ಟು ಹಿಂದೆಂದೂ ಬಾರದಿದ್ದುವೆಂದು ಕಂಪೆನಿಯವರೇ ಹೇಳಿರುವರು. ಬೀಳುನೆಲವು ಇನ್ನೂ ಬೇಕಾದಷ್ಟಿದೆ. ಕಳೆ ಬೆಳೆಯುವ ಮೊದಲು ಅಲ್ಲಿ ಬೆಳೆಯನ್ನಿಡುವುದು ಜಾಣತನ.

ಹಣ ಕೊಟ್ಟು ಸ್ಥಾನ ಕೊಳ್ಳುವ ಭ್ರಮೆ

ತಾಣವು ಕಾಣುತ್ತಿಲ್ಲವೆಂದು ಸದಸ್ಯರು ಚಿಂತಿಸುತ್ತಿರುವ ಸಮಯವನ್ನೇ ಕಾದು, ಇಷ್ಟು ಹಣ ಕೊಟ್ಟರೆ ಒಂದು ತಿಂಗಳಲ್ಲಿ ಮೊದಲನೆಯ ಸ್ಥಾನವನ್ನು ಖಂಡಿತವಾಗಿ ಕೊಡಿಸುವೆವೆಂದು ಹೇಳಿಕೊಂಡು ಬರುವ ದಲ್ಲಾಳಿಗಳುಂಟು. ಮೊದಲನೆಯ ಸ್ಥಾನದ ಭರವಸೆಯನ್ನು ಯಾರೂ ಕೊಡಲಾರರೆಂದೂ, ಪುಟಗಳನ್ನು ಹೆಚ್ಚಾಗಿ ಓದುವುದಕ್ಕಾಗಲಿ ಮೇಲೇರಿಸುವುದಕ್ಕಾಗಲಿ ತಾವು ಹಣ ಪಡೆಯುವುದಿಲ್ಲವೆಂದೂ ಗೂಗಲಿನವರು ಸ್ಪಷ್ಟವಾಗಿ ಪ್ರಕಟಿಸಿರುತ್ತಾರೆ. ಜಾಹೀರಾತಿನ ವಿಷಯ ಬೇರೆ: ಹಣ ಕೊಟ್ಟಷ್ಟು ದಿನ ಜಾಹೀರಾತೆಂಬ ಗುರುತಿನೊಡನೆ ಅದು ಕಾಣುತ್ತದೆ, ಹಣ ನಿಂತ ದಿನ ಮರೆಯಾಗುತ್ತದೆ. ಬಾಡಿಗೆಯ ಪಂಪಿನಿಂದ ಹಾಯಿಸಿದ ನೀರು ಅದು; ಸ್ವಂತ ಬಾವಿಯಲ್ಲ. ಹಂಗಾಮಿನ ಕೆಲವು ವಾರಗಳಿಗೆ ಅದು ಪ್ರಯೋಜನಕ್ಕೆ ಬರಬಹುದು.

ದಲ್ಲಾಳಿಗಳು ಸಾಮಾನ್ಯವಾಗಿ ಮಾಡುವುದೇನೆಂದರೆ, ಗುರುತಿಲ್ಲದ ನೂರಾರು ತಾಣಗಳಿಂದ ಕೊಂಡಿಗಳನ್ನು ಕೊಂಡು ಕಟ್ಟುವುದು. ಇದು ತೂಕ ಹೆಚ್ಚಲೆಂದು ಧಾನ್ಯಕ್ಕೆ ಕಲ್ಲು ಬೆರೆಸಿದಂತೆ. ಇಂಥ ಮೋಸವನ್ನು ಹಿಡಿಯಲು ೨೦೧೨ರಲ್ಲಿ ಗೂಗಲಿನವರು ಪೆಂಗ್ವಿನ್ ಎಂಬ ಹೆಸರಿನ ಏರ್ಪಾಡನ್ನು ಜಾರಿಗೆ ತಂದರು. ೨೦೦೬ರಲ್ಲಿ ಜರ್ಮನಿಯ ಪ್ರಸಿದ್ಧ ಮೋಟಾರು ಕಾರ್ಖಾನೆಯೊಂದರ ತಾಣವು, ಯಂತ್ರಕ್ಕೊಂದು ಜನರಿಗೊಂದು ಪುಟವನ್ನು ತೋರಿಸಿದುದಕ್ಕಾಗಿ ಸೂಚಿಯಿಂದಲೇ ತೆಗೆದುಹಾಕಲ್ಪಟ್ಟಿತ್ತು. ಅಷ್ಟು ದೊಡ್ಡ ಸಂಸ್ಥೆಗೇ ವಿನಾಯಿತಿ ಇಲ್ಲದಿರುವಾಗ ಹಳ್ಳಿಯ ರೈತರ ತಾಣವು ಒಂದು ಸಲ ಕಳಂಕಕ್ಕೆ ಗುರಿಯಾದರೆ ಚೇತರಿಸಿಕೊಳ್ಳುವುದು ಕಷ್ಟ.

ಮಾಡತಕ್ಕ ಕೆಲಸಗಳು

೧. ಕಾಲವನ್ನು ನೋಡಿ ಬಿತ್ತಬೇಕು. ಪುಷ್ಯದಲ್ಲಿ ಮಾರಬೇಕಾದ ಅವರೆಗೆ ಮಾರ್ಗಶಿರದಲ್ಲಿ ತಾಣ ತೆರೆದರೆ ಪ್ರಯೋಜನವಿಲ್ಲ. ರಾಗಿಯ ಹೊಲದಲ್ಲಿ ಅಕ್ಕಡಿ ಬಿತ್ತುವ ಆಷಾಢದಲ್ಲಿಯೇ ತಾಣವನ್ನೂ ತೆರೆಯತಕ್ಕದ್ದು. ಆಗ ಫಸಲು ಬರುವ ಹೊತ್ತಿಗೆ ಐದಾರು ತಿಂಗಳ ಅವಕಾಶ ಸಿಕ್ಕುತ್ತದೆ. ಹಂಗಾಮು ಮುಗಿದ ಮೇಲೆ ತಾಣವನ್ನು ಅಳಿಸದೆ, ಅದೇ ವಿಳಾಸವನ್ನು ಮುಂದಿನ ವರ್ಷಕ್ಕೂ ಉಳಿಸಿಕೊಳ್ಳಬೇಕು.

೨. ನಿಜವಾದ ಜಾಮೀನುಗಳನ್ನು ಸಂಪಾದಿಸಬೇಕು. ಮಾಗಡಿ ತಾಲ್ಲೂಕಿನ ಚಂದುರಾಯನಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಇಂಥ ಕೇಂದ್ರಗಳು, ಕೃಷಿ ವಿಶ್ವವಿದ್ಯಾನಿಲಯದ ಮೇಳಗಳು, ಸಹಕಾರ ಸಂಘಗಳು, ಸ್ಥಳೀಯ ಪತ್ರಿಕೆಗಳು ಇವುಗಳೊಡನೆ ಸಂಸ್ಥೆಯು ನಿಜವಾಗಿಯೂ ಕೆಲಸ ಮಾಡಿದ್ದರೆ, ಅವುಗಳ ಪುಟದಲ್ಲಿ ತನ್ನ ತಾಣದ ವಿಳಾಸವನ್ನು ನಮೂದಿಸುವಂತೆ ಕೇಳಿಕೊಳ್ಳಬಹುದು. ಇಂಥ ಒಂದು ಕೊಂಡಿಯು ಕೊಂಡು ತಂದ ನೂರಕ್ಕಿಂತ ಮೇಲು.

೩. ಸ್ಥಳವನ್ನು ನಮೂದಿಸಬೇಕು. ಗೂಗಲಿನ ನಕ್ಷೆಯಲ್ಲಿ ಅಂಗಡಿ ಅಥವಾ ಮಳಿಗೆಯ ವಿಳಾಸವನ್ನು ಖರ್ಚಿಲ್ಲದೆ ದಾಖಲೆ ಮಾಡಿಸಬಹುದು. ಅಲ್ಲಿ ಪ್ರಶ್ನೆಗೆ ಹೊಂದಿಕೆ, ದೂರ, ಪ್ರಸಿದ್ಧಿ ಎಂಬ ಮೂರನ್ನು ನೋಡಿ ಸ್ಥಾನ ಕೊಡುವರು. ಪ್ರಸಿದ್ಧಿಯಿಲ್ಲದ ಹೊಸಬನಿಗೂ ಹತ್ತಿರದವನೆಂಬ ಬಲವು ಅಲ್ಲಿ ಒದಗುತ್ತದೆ. ಗೋವಿಂದರಾಜನಗರದಲ್ಲಿ ಒಂದು ಚಿಕ್ಕ ಮಳಿಗೆಯಿದ್ದರೆ, ಆ ಬಡಾವಣೆಯಲ್ಲಿ ಹುಡುಕುವವರಿಗೆ ದೂರದ ದೊಡ್ಡ ಅಂಗಡಿಗಿಂತ ಅದು ಮೊದಲು ಕಾಣುವ ಸಂಭವವುಂಟು.

೪. ಬರಹವು ಸ್ವಂತವಾಗಿರಬೇಕು. ಬೇರೆಯವರ ಪುಟದಿಂದ ನಕಲು ಮಾಡಿದ ಬರಹಕ್ಕೆ ಬೆಲೆಯಿಲ್ಲ. ತಮ್ಮ ಹೊಲದ ಮಣ್ಣು, ತಳಿ, ಕಟಾವಿನ ದಿನ, ಧಾರಣೆ ಇವುಗಳನ್ನು ಯೂನಿಕೋಡ್ ಕನ್ನಡದಲ್ಲಿಯೂ, ಸಾಧ್ಯವಾದರೆ ಇಂಗ್ಲಿಷಿನಲ್ಲಿಯೂ ಬರೆಯಬೇಕು. ಪದಾರ್ಥಕ್ಕೆ ಜನರು ಹೇಳುವ ಎಲ್ಲ ಹೆಸರುಗಳನ್ನೂ ಒಂದೆಡೆ ಸಹಜವಾಗಿ ತಿಳಿಸಬೇಕು.

೫. ಮೊಬೈಲಿನಲ್ಲಿ ಪುಟವು ಬೇಗ ತೆರೆಯಬೇಕು. ೨೦೧೯ರ ಜುಲೈ ೧ರಿಂದ ಹೊಸ ತಾಣಗಳನ್ನು ಗೂಗಲಿನ ದೂತನು ಮೊಬೈಲಿನಲ್ಲಿ ಕಾಣುವ ರೂಪದಲ್ಲಿಯೇ ಓದುತ್ತಾನೆ. ಗಣಕಯಂತ್ರದಲ್ಲಿ ಮಾತ್ರ ಅಂದವಾಗಿ ಕಾಣುವ ತಾಣದಿಂದ ಪ್ರಯೋಜನವಿಲ್ಲ.

೬. ತಾಣವೊಂದನ್ನೇ ನಂಬಿಕೊಂಡಿರಬಾರದು. ೨೦೨೪ರಿಂದ ಭಾರತದಲ್ಲಿಯೂ ಗೂಗಲ್ ಕೆಲವು ಪ್ರಶ್ನೆಗಳಿಗೆ ಯಂತ್ರವೇ ರಚಿಸಿದ ಉತ್ತರವನ್ನು ಮೇಲ್ಭಾಗದಲ್ಲಿ ಕೊಡುತ್ತಿದೆ; ಅದನ್ನು ಓದಿದವನು ಕೆಳಗಿನ ತಾಣಗಳಿಗೆ ಹೋಗದಿರಬಹುದು. ಆದುದರಿಂದ ಒಂದು ಸಲ ಕೊಂಡವರ ದೂರವಾಣಿ ಸಂಖ್ಯೆಯನ್ನು ಅವರ ಒಪ್ಪಿಗೆಯಿಂದ ಬರೆದಿಟ್ಟುಕೊಂಡು, ಮುಂದಿನ ಫಸಲಿನ ಸಮಾಚಾರವನ್ನು ತಿಳಿಸುತ್ತಿರಬೇಕು. ಚೀಲದ ಮೇಲೆ ತಾಣದ ವಿಳಾಸವನ್ನು ಅಚ್ಚುಮಾಡಿಸಬೇಕು. ಹೆಸರನ್ನೇ ಹೇಳಿ ಹುಡುಕುವ ಗಿರಾಕಿಗೆ ಹೊಸ ತಾಣವೂ ಸುಲಭವಾಗಿ ಸಿಕ್ಕುತ್ತದೆ.

ಜಾಲತಾಣವು ರಾಗಿಯಂತೆ ನಾಲ್ಕು ತಿಂಗಳಲ್ಲಿ ಕೈಗೆ ಬರುವ ಬೆಳೆಯಲ್ಲ. ತೆಂಗಿನ ಸಸಿಯಂತೆ ನೆಟ್ಟು, ನೀರೆರೆದು, ಕಾಯಬೇಕಾದ ಮರ. ಮೊದಲನೆಯ ವರ್ಷ ಕಾಯಿ ಬಿಡಲಿಲ್ಲವೆಂದು ಸಸಿಯನ್ನು ಕೀಳುವ ರೈತನಿಲ್ಲ. ಸಂಸ್ಥೆಯ ಮುಖಂಡರು ತಾಣವನ್ನು ತೆರೆಯುವ ದಿನವೇ ಈ ಮಾತನ್ನು ಸದಸ್ಯರಿಗೆ ತಿಳಿಯಹೇಳಿ, ಮೊದಲನೆಯ ಹಂಗಾಮಿನ ಮಾಲಿಗೆ ಸಂತೆ, ಮಂಡಿಗಳ ದಾರಿಯನ್ನೂ ಉಳಿಸಿಕೊಂಡಿರತಕ್ಕದ್ದು. ಹಾಗೆ ಮಾಡಿದರೆ ನಿರಾಶೆಯಾಗಲಿ ದಲ್ಲಾಳಿಗಳ ಪಾಲಿಗೆ ಹೋಗುವ ಹಣವಾಗಲಿ ಇರದು. ಎರಡನೆಯ, ಮೂರನೆಯ ಪುಷ್ಯಮಾಸದಲ್ಲಾದರೂ ಮಾಗಡಿ ರಸ್ತೆಯ ಆ ತುದಿಯ ಅವರೆಯನ್ನು ಈ ತುದಿಯ ಮನೆಯವರು ತಾವಾಗಿಯೇ ಹುಡುಕಿಕೊಂಡು ಬರುವರು.